ಲೊರೇನ್ ಆಂಟಿಯ ನೀಲಿ ಡಬ್ಬಿ

ಗ್ಯಾಸ್ ಸ್ಟೇಷನ್ನಿನಲ್ಲಿ ಉಪ್ಪುನೀರಿನ ಕಡಲೆಕಾಯಿ ಬೇಯುವ ವಾಸನೆ ಬಂದರೆ ನಾನು ಇವತ್ತಿಗೂ ಕಾರಿನ ಗಾಜು ಏರಿಸಿಬಿಡುತ್ತೇನೆ.

ಅಮೆರಿಕದ ದಕ್ಷಿಣದಲ್ಲಿ ನಾವಿದ್ದ ಬಡಾವಣೆ ಬ್ಯಾಲಂಟೈನಿನಲ್ಲಿ ನಮ್ಮ ಪಕ್ಕದ ಮನೆಯ ಲೊರೇನ್ ಆಂಟಿ ಎಪ್ಪತ್ತು ದಾಟಿದ ಕಪ್ಪು ಹೆಂಗಸು. ತವರಿನ ಹೊಲದ ಕಡಲೆಕಾಯಿ ಬೇಯಿಸಿ ನೀಲಿ ಡಬ್ಬಿಯಲ್ಲಿ ತಂದುಕೊಡುತ್ತಿದ್ದರು. ಅಮ್ಮ ಆ ಡಬ್ಬಿಯನ್ನು ಎಂದೂ ಬರಿದಾಗಿ ಕಳಿಸಿದವಳಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕುತ್ತಿದ್ದಳು. ನೆಂಟಸ್ತನ ಉಳಿಯಬೇಕಾದರೆ ಖಾಲಿ ಕೊಡಬಾರದೆಂದು ಆಂಟಿಗೂ ಹೇಳಿಕೊಟ್ಟಿದ್ದಳು.

ಕೋವಿಡ್ ಕಾಲದ ಆ ಮಧ್ಯಾಹ್ನ ನಮ್ಮ ಮನೆ ತುಂಬ ಕನ್ನಡದವರು. ಯಾವ ಬಡಾವಣೆಯ ಮಕ್ಕಳು ಯಾವ ಶಾಲೆಗೆ ಎಂಬ ಗಡಿ ಬದಲಿಸಿ, ಕಪ್ಪು ಮಕ್ಕಳೇ ಹೆಚ್ಚಿದ್ದ ಶಾಲೆಗೆ ನಮ್ಮನ್ನೂ ಸೇರಿಸುವ ಯೋಜನೆ ಬಂದಿತ್ತು. ಸಂಜೆಯ ಶಾಲಾ ಮಂಡಳಿ ಸಭೆಯಲ್ಲಿ ಅಪ್ಪ ಅದನ್ನು ವಿರೋಧಿಸಿ ಮಾತಾಡಬೇಕೆಂದು ಎಲ್ಲರೂ ಒಪ್ಪುವಷ್ಟರಲ್ಲಿ ಬೆಲ್ ಆಯಿತು.

ಲೊರೇನ್ ಆಂಟಿ ಬಾಗಿಲಲ್ಲೇ ಮಾಸ್ಕ್ ಇಳಿಸಿ, ಅಮ್ಮನ ಕೈಗೆ ಡಬ್ಬಿ ಕೊಟ್ಟು, ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳಿದರು: "ಸರ್ಕಾರದ ಖರೀದಿ ಕೇಂದ್ರದಲ್ಲಿ ಬಿಳಿಯರ ಲಾರಿ ಮುಗಿದ ಮೇಲೇ ನಮ್ಮಪ್ಪನ ಕಡಲೆಕಾಯಿ ತೂಗ್ತಿದ್ರು. ನಮಗೆ ಸ್ಕೂಲೂ ಬೇರೆ. ಯಾಕೆ ಹಾಗೆ ಅಂತ ಕೇಳಿದ್ರೆ ಯಾರೂ ಉತ್ತರ ಕೊಟ್ಟಿಲ್ಲ. ಈ ಮಕ್ಕಳಾದ್ರೂ ಒಟ್ಟಿಗೆ ಓದಲಿ ಅಂತ ಇವತ್ತು ಸಭೆಯಲ್ಲಿ ಕೇಳ್ತೀನಿ. ನನ್ನ ಜೊತೆ ನಿಲ್ತೀರಾ?"

ಅಪ್ಪ ಸೋಫಾದಲ್ಲಿದ್ದವರತ್ತ ತಿರುಗಿದ.

"ಬೇಗ ಕಳಿಸ್ರೀ," ಎಂದರು ಸೋಫಾದಲ್ಲಿದ್ದ ಅಂಕಲ್ ಒಬ್ಬರು, ಕನ್ನಡದಲ್ಲಿ.

ಅಮ್ಮ ಕಡಲೆಕಾಯಿಯನ್ನು ಬೋಗುಣಿಗೆ ಸುರಿದು, ಡಬ್ಬಿ ತೊಳೆದು, ಒರೆಸಿ, ಮುಚ್ಚಳ ಹಾಕಿ ಕೊಟ್ಟಳು.

"ಅಮ್ಮಾ, ಶುಗರ್ ಹಾಕಿಲ್ಲ," ಎಂದೆ.

"ಸುಮ್ನಿರು."

ಲೊರೇನ್ ಆಂಟಿಗೆ ಕನ್ನಡ ಬರುತ್ತಿರಲಿಲ್ಲ. ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರು. ಆಮೇಲೆ ಮಾಸ್ಕ್ ಏರಿಸಿಕೊಂಡು ಮೆಟ್ಟಿಲಿಳಿದರು.