ಐರ್ಲೆಂಡಿನ ಬೀಚಿನಲ್ಲಿ ಕಾಯುತ್ತಿದ್ದವರು

ನಾನೀಗಿರುವ ಸ್ವೀಡನ್ನಿನ ಉಮೆಯೊದ ಸಮುದ್ರದಂಡೆಯಲ್ಲಿ ಒಣಗುವ ಪಾಚಿಯ ವಾಸನೆ ಬಂದರೆ ನನಗೆ ಈಗಲೂ ಐರ್ಲೆಂಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಏಳು ವರ್ಷ. ಆಗ ನಾವಿದ್ದ ಗೋಥೆನ್‌ಬರ್ಗಿನ ಮನೆಯಿಂದ ಬೇಸಿಗೆ ರಜೆಗೆ ಹೊರಡುವಾಗ ಅಪ್ಪ, "ಬರೀ ಬೀಚ್ ನೋಡೋಕೆ ಹೋಗ್ತಿರೋದು" ಎಂದು ಅಮ್ಮನಿಗೆ ಎರಡು ಸಲ ಹೇಳಿದ್ದರು. ಮೂರು ದಿನ ಬೀಚುಗಳನ್ನೇ ನೋಡಿದೆವು. ನಾಲ್ಕನೆಯ ದಿನ, ಕಪ್ಪು ಬಂಡೆಗಳ ನಡುವಿನ ಬಿಳಿ ಮರಳಿನ ಮೇಲೆ, ಮಳೆಕೋಟು ತೊಟ್ಟ ಹೆಂಗಸೊಬ್ಬರು ಕಾಯುತ್ತಿದ್ದರು. ಅಮ್ಮ ಓಡಿಹೋಗಿ ಅವರನ್ನು ತಬ್ಬಿಕೊಂಡಳು. ಅಪ್ಪ ನೀರಿನಂಚಿಗೆ ಹೋಗಿ ಬೆನ್ನು ಮಾಡಿ ನಿಂತರು.

ಆಕೆ ನನ್ನ ಕೆನ್ನೆ ಹಿಡಿದು, "ಬುಜ್ಜಿ, ಥೇಟ್ ನಮ್ಮಮ್ಮನ ಮುಖ ನಿಂದು" ಅಂದರು. ಅವರ ಅಮ್ಮ ಯಾರೋ ನನಗೇನು ಗೊತ್ತು? ಮನೆಯಲ್ಲಿ ನನ್ನನ್ನು ಕರೆಯುವ ಹೆಸರು ಅವರಿಗೆ ಹೇಗೆ ಗೊತ್ತು? ಕೇಳೋಣವೆಂದರೆ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆ ಡಬ್ಬಿ ತೆರೆದು ಕೊಬ್ಬರಿ ಮಿಠಾಯಿ ಕೊಟ್ಟರು.

"ನಿಮ್ಮಪ್ಪಂಗೂ ಒಂದು ಕೊಡು. ನಾನು ಕೊಟ್ರೆ ತಗೊಳ್ಳಲ್ಲ."

ಅಪ್ಪನ ಬಳಿ ಓಡಿದೆ. "ಯಾರು ಕೊಟ್ಟಿದ್ದು?" ಎಂದು ಕೇಳಿದರು, ಏನೂ ಗೊತ್ತಿಲ್ಲದವರಂತೆ.

"ಆ ಆಂಟಿ."

ಅಪ್ಪ ಮಿಠಾಯಿಯನ್ನು ಬಹಳ ಹೊತ್ತು ಅಂಗೈಯಲ್ಲೇ ಹಿಡಿದಿದ್ದರು. ಅಲೆ ಬಂದು ಬೂಟು ನೆನೆದರೂ ಹಿಂದೆ ಸರಿಯಲಿಲ್ಲ. ಕೊನೆಗೆ ಅದನ್ನು ಬಾಯಿಗೆ ಹಾಕಿಕೊಂಡು, "ಆಂಟಿ ಅಲ್ಲ. ಅತ್ತೆ ಅನ್ನು" ಎಂದರು.

ನಾನು "ಅತ್ತೆ!" ಎಂದು ಕೂಗುತ್ತಾ ವಾಪಸು ಓಡಿದೆ. ಆಕೆ ಮರಳಿನಲ್ಲೇ ಕುಸಿದು ಕೂತು ಅಳತೊಡಗಿದರು. ನಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಅಪ್ಪನ ಕಡೆ ತಿರುಗಿದೆ. ಅವರು ಆಗಲೇ ನಮ್ಮತ್ತ ಬರುತ್ತಿದ್ದರು, ಮೊದಲು ನಿಧಾನಕ್ಕೆ, ಆಮೇಲೆ ಓಡುತ್ತಾ.