ಬಿಚ್ಚಿಟ್ಟ ಫುಟ್‌ರೆಸ್ಟ್

ಅಕ್ಕ ಊರುಗೋಲನ್ನೇ ಝಳಪಿಸಿ, ತನ್ನನ್ನು ಕಾಲಿನ ತಪಾಸಣೆಗೆಂದು ಆಸ್ಪತ್ರೆಗೆ ಕರೆದೊಯ್ಯಲು ಬಂದಿದ್ದ ಟ್ಯಾಕ್ಸಿಯನ್ನು ವಾಪಸ್ ಅಟ್ಟಿದಳು. ಕುಂಟುತ್ತಾ ಮನೆಮುಂದಿನ ಗ್ಯಾರೇಜಿಗೆ ಬಂದು, ಮೆಕ್ಯಾನಿಕ್ ತಮ್ಮನ ಬೈಕಿನ ಹಿಂಬದಿ ನೋಡಿದಳು. ಕಾಲಿಡುವ ಜಾಗದಲ್ಲಿ ಬರೀ ತೂತುಗಳಿದ್ದವು.

"ಫುಟ್‌ರೆಸ್ಟ್ ಎಲ್ಲೋ?"

"ಬಿಚ್ಚಿಟ್ಟಿದ್ದೀನಿ. ಇನ್ಮೇಲೆ ನನ್ನ ಹಿಂದೆ ಯಾರೂ ಕೂರೋದು ಬೇಡ." ತಿರುವಿನಲ್ಲಿ ಬೈಕ್ ಬೀಳಿಸಿ ಅಕ್ಕನ ಕಾಲು ಮುರಿದಂದಿನಿಂದ ಅವನದು ಇದೇ ರಾಗ.

ಅಕ್ಕ ಮೂಗಿನಲ್ಲಿ ಅವನದೇ ದನಿ ತೆಗೆದಳು. "'ಅಕ್ಕಾ, ತಪ್ಪಾಯ್ತು ಕಣೇ... ಅಕ್ಕಾ, ನೋಯ್ತಿದ್ಯಾ...' ವಾರ್ಡ್ ತುಂಬಾ ನಿನ್ನದೇ ಕಛೇರಿ! ಮೂಳೆ ಮುರಿದಿರೋದು ಇವನದಾ ಅಂತ ಪಕ್ಕದ ಬೆಡ್ಡಿನ ಅಜ್ಜಿ ಕೇಳಿದ್ರು. ಜೋರಾಗಿ ಓಡಿಸಿದ್ದು ನೀನೇ, ತಪ್ಪು ನಿಂದೇ ಕಣೋ. ಆದ್ರೆ ಬಿದ್ದವಳು ನಾನು. ನನ್ನ ಪಾಲಿನ ಭಯಾನೂ ನೀನೇ ಬಾಚ್ಕೊಂಡ್ರೆ ಹೇಗೆ?"

"ಮತ್ತೆ ಬೀಳಿಸಿದ್ರೆ?"

"ಡಾಕ್ಟರು ನನ್ನ ಮೂಳೆಗೇ ಸ್ಕ್ರೂ ಹಾಕಿ ನಿಲ್ಲಿಸಿದ್ದಾರೆ. ನಿನ್ನ ಕೈಲಿ ಎರಡು ಬೋಲ್ಟ್ ಹಾಕೋಕಾಗಲ್ವಾ, ಮಹಾ ಮೆಕ್ಯಾನಿಕ್ಕು!"

ಅವನು ಡ್ರಾಯರ್ ಎಳೆದ. ಫುಟ್‌ರೆಸ್ಟುಗಳನ್ನು ಎಣ್ಣೆ ಸವರಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅಕ್ಕ ಅದನ್ನು ನೋಡಿ ಹೆಲ್ಮೆಟ್ ಕೈಗೆತ್ತಿಕೊಂಡಳು. ಅವನು ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನು ಬಿಗಿದ.

ಅವಳು ಹೆಲ್ಮೆಟ್ ಹಾಕಿಕೊಂಡು, ಅವನ ಹೆಗಲು ಹಿಡಿದು ಹತ್ತಿ, ಮುರಿದಿದ್ದ ಕಾಲನ್ನೇ ಫುಟ್‌ರೆಸ್ಟಿನ ಮೇಲೆ ಒತ್ತಿಟ್ಟಳು.

"ಮೇನ್ ರೋಡಲ್ಲಿ ಹೋಗೋಣ್ವಾ?" ಎಂದ ತಮ್ಮ.

"ಬೇಡ. ಆ ತಿರುವಿನ ದಾರಿಯಲ್ಲೇ ನಡಿ. ಅಲ್ಲಿ ನಿಧಾನ ಮಾಡು, ಆ ತಿರುವಿಗೆ ನನ್ನ ಮುಖ ತೋರಿಸ್ಬೇಕು."