ಹಳದಿ

ಹೆಣ್ಣು ಮೀನು ಹಳದಿಯಾಗಿರುವುದು ಮೊದಲು ಕಂಡದ್ದು ನನ್ನ ಹೆಂಡತಿಗೆ. ಹೆಬ್ಬೆರಳುದ್ದದ ಆ ಅಮೆಜಾನ್ ಮೀನುಗಳ ಜೋಡಿಯನ್ನು, ಮನೆಯಲ್ಲಿ ಏನಾದರೂ ಅಲ್ಲಾಡುತ್ತಿರಲಿ ಎಂದು ನಾನೇ ತಂದು, ಅಡಗಿಕೊಳ್ಳಲು ಒಂದು ತೆಂಗಿನ ಚಿಪ್ಪು ಮಗುಚಿಟ್ಟು, ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದೆ.

“ರೀ, ಮೈಯೆಲ್ಲ ಅರಿಶಿನ ಆಗಿದೆ. ತೆಂಗಿನ ಚಿಪ್ಪು ಬಿಟ್ಟು ಬರ್ತಾನೇ ಇಲ್ಲ. ಗಂಡು ಹತ್ರ ಹೋದ್ರೆ ಅಟ್ಟಿಸ್ಕೊಂಡು ಹೋಗುತ್ತೆ.”

“ಎರಡು ದಿನ ನೋಡೋಣ.”

“ಮಗುಗೂ ಹಾಗೇ ಅಂದ್ರಿ.” ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. “ಹುಟ್ಟಿದ ಮಕ್ಕಳಿಗೆ ಕಾಮಾಲೆ ಮಾಮೂಲಿ, ಎಳೆಬಿಸಿಲಿಗೆ ಹಿಡಿದ್ರೆ ಹೋಗುತ್ತೆ ಅಂದ್ರಿ.”

ಮಗು ಹೋಗಿ ಒಂಬತ್ತು ತಿಂಗಳಾಗಿತ್ತು. ಅವಳು ಅದರ ಮಾತೆತ್ತಿದ್ದು ಅದೇ ಮೊದಲು.

ನಾನು ಅಡುಗೆಮನೆಯಿಂದ ಕಲ್ಲುಪ್ಪಿನ ಡಬ್ಬಿ ತಂದೆ. ಮೀನಿಗೆ ಏನೇ ಆದರೂ ನಮ್ಮಲ್ಲಿ ಮೊದಲು ಹಾಕುವುದು ಅದನ್ನೇ. ಎರಡು ಹಿಡಿ ಹಾಕಿದೆ. ಉಪ್ಪು ಕರಗುವವರೆಗೂ ಅವಳು ನೋಡುತ್ತ ನಿಂತಿದ್ದಳು.

ಆಮೇಲೆ ಮೀನಿನಂಗಡಿಯ ಫಯಾಜ್‌ಗೆ ಫೋನ್ ಮಾಡಿದೆ.

“ಹಳದಿನಾ?” ಅವನು ನಕ್ಕ. “ಕಾಯಿಲೆ ಅಲ್ಲ ಸಾರ್, ಬಾಣಂತನ! ಮೊಟ್ಟೆ ಕಾಯೋವಾಗ ತಾಯಿ ಬಣ್ಣ ಹಂಗೇ. ಚಿಪ್ಪಿನೊಳಗೆ ಟಾರ್ಚ್ ಬಿಟ್ಟು ನೋಡಿ, ಕೆಂಪಗೆ ಸಾಸಿವೆ ಥರ ಅಂಟಿರ್ತವೆ. ಉಪ್ಪುಗಿಪ್ಪು ಮಾತ್ರ ಹಾಕ್ಬೇಡಿ, ಒಂದು ಮೊಟ್ಟೇನೂ ಉಳಿಯಲ್ಲ.”

ಫೋನ್ ಕೆಳಗಿಟ್ಟೆ.

“ಏನಂದ?” ಎಂದಳು.

“ಬೇಗ ಉಪ್ಪು ಹಾಕಿದ್ದು ಒಳ್ಳೇದಾಯ್ತು ಅಂದ,” ಎಂದೆ. “ಈ ಸಲ ತಡ ಆಗಲಿಲ್ಲ.”